ಸೆಡ್ರಿಕ್ ಅಂಕಲ್ ಹಾಕಿದ ಹೊಳೆಯುವ ಬೋಲ್ಟುಗಳು

ಮೆಲ್ಬರ್ನಿನ ಗ್ಲೆನ್ ವೇವರ್ಲಿಯ ಮಂಗಳೂರಿನವರಿಗೆ ಸೆಡ್ರಿಕ್ ಅಂಕಲ್ ಎಂದರೆ ಕಾರುಗಳ ಬಿಷಪ್. ಭಾನುವಾರ ಚರ್ಚಿನಲ್ಲಿ ಬಲಿಪೂಜೆ ಮುಗಿದ ಮೇಲೆ ಯಾರ ಬಾನೆಟ್ ತೆರೆದರೂ ಉಪದೇಶ ಅವರದ್ದೇ. ಮಗಳು ವಿನಿಷಾಳ ಕಾರಿನ ಬ್ರೇಕಿನ ಬೋಲ್ಟುಗಳು ತುಕ್ಕು ಹಿಡಿದಾಗ ಮೆಕ್ಯಾನಿಕ್ ಬಳಿ ಹೋಗುವುದು ಇಂಥವರ ಘನತೆಗೆ ಕುಂದಲ್ಲವೇ? ಆನ್‌ಲೈನಿನಲ್ಲಿ ಥಳಥಳಿಸುವ ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟುಗಳನ್ನು ತರಿಸಿ ತಾವೇ ಹಾಕಿದರು. ಸ್ಟೀಲ್ ತಟ್ಟೆ, ಸ್ಟೀಲ್ ಲೋಟಗಳ ನಡುವೆ ಬೆಳೆದವರಿಗೆ ತುಕ್ಕು ಹಿಡಿಯದ್ದೆಲ್ಲ ಗಟ್ಟಿಯೆಂಬ ನಂಬಿಕೆ. ಹಳೆಯ ಬೋಲ್ಟಿನ ತಲೆಯ ಮೇಲೆ ಅದರ ಬಲ ತಿಳಿಸುವ ಅಂಕಿಯಿತ್ತು. ಹೊಸದರ ತಲೆ ಬೋಳಾಗಿತ್ತು. ಅದನ್ನು ಅವರು ಅಂದವೆಂದುಕೊಂಡರು.

ಶನಿವಾರ ಬೆಳಿಗ್ಗೆ ವಿನಿಷಾ ಅದೇ ಕಾರಿನಲ್ಲಿ ಸಿಡ್ನಿಯ ಸ್ಕೋಫೀಲ್ಡ್ಸ್‌ಗೆ ಹೊರಟಳು. ಇತ್ತ ಅಂಕಲ್ ಉಳಿದಿದ್ದ ಒಂದು ಬೋಲ್ಟನ್ನು ಹುಲ್ಲು ಕತ್ತರಿಸುವ ಯಂತ್ರಕ್ಕೆ ಹಾಕಿ ಸ್ಪ್ಯಾನರಿನಿಂದ ಬಿಗಿದರು. ಅದು ಕಟಕ್ಕನೆ ತುಂಡಾಯಿತು.

ಅಂಥವೇ ಬೋಲ್ಟುಗಳು ವಿನಿಷಾಳ ಬ್ರೇಕಿನಲ್ಲಿದ್ದವು. ಆದರೂ ಫೋನ್ ಹಿಡಿದು ಗ್ಯಾರೇಜಿನಲ್ಲೇ ಸುತ್ತಿದರು. "ಪೆಟ್ರೋಲಿಗೆ ಎಲ್ಲಾದ್ರೂ ನಿಲ್ಸ್ತಾಳಲ್ಲ, ಆಗ ಹೇಳಿದ್ರಾಯ್ತು."

"ನಿಲ್ಸ್ಲಿಕ್ಕೆ ಬ್ರೇಕ್ ಬೇಡ್ವಾ ಮಾರಾಯ್ರೆ?" ಎಂದ ಹೆಂಡತಿ ಇಡಾ ಆಂಟಿ ಫೋನ್ ಕಸಿದು, ತಾವೇ ನಂಬರ್ ಒತ್ತಿ ಗಂಡನ ಮುಂದೆ ಹಿಡಿದರು.

"ವಿನಿ, ನಿಧಾನಕ್ಕೆ ಸೈಡಿಗೆ ಹಾಕು. ಟೋ ಟ್ರಕ್ ಕರೆಸು. ಬ್ರೇಕ್ ಸರಿ ಇಲ್ಲ."

"ವಾಟ್? ಡ್ಯಾಡ್, ಯೂ ಫಿಕ್ಸ್‌ಡ್ ಇಟ್!"

"ಅದಕ್ಕೇ ಮಗಾ," ಎಂದರು ಅಂಕಲ್.

ಅತ್ತಲಿಂದ ಇಂಡಿಕೇಟರಿನ ಟಿಕ್ ಟಿಕ್ ಕೇಳತೊಡಗಿತು. ಕಾರು ನಿಂತಿತೆಂದು ಅವಳು ಹೇಳಿದ ಮೇಲೆಯೇ ಇಡಾ ಆಂಟಿ ಫೋನ್ ಕೆಳಗಿಳಿಸಿದರು.