ಎರಡು ನಳಗಳ ನಡುವಿನ ತಂತಿ

ನಮ್ಮ ಬಚ್ಚಲಿನಲ್ಲಿ ಎರಡು ನಳಗಳಿದ್ದವು. ಒಂದು ಮುನ್ಸಿಪಾಲಿಟಿಯದು, ಇನ್ನೊಂದು ಅತ್ತೆಯವರದು. ಮುನ್ಸಿಪಾಲಿಟಿಯ ನೀರು ಯಾರ್ಯಾರದೋ ಕೈ ದಾಟಿ ಬರುತ್ತದೆ, ನಳದೊಳಗೆ ಚರ್ಮದ ಬಿಲ್ಲೆ ಬೇರೆ ಇರುತ್ತದೆ ಎಂದು ಅವರು ಅದನ್ನು ಮುಟ್ಟುತ್ತಿರಲಿಲ್ಲ. ಸದಾಶಿವ ಪೇಠದ ವಾಡೆಯಲ್ಲಿ, ಆ ಹತ್ತಾರು ಬಿಡಾರಗಳ ಹಳೇ ಮನೆಯಲ್ಲಿ, ಇದ್ದಷ್ಟು ಕಾಲ ಬಾವಿಯಿಂದ ತಾವೇ ಸೇದಿಕೊಂಡು ಮಿಂದರು. ಬರಬರುತ್ತಾ ಭುಜ ಹಿಡಿದುಕೊಂಡು ಕೊಡ ಎತ್ತಲಾಗದಂತಾಯಿತು. ಆದ್ದರಿಂದ ಹೊಳೆಯಾಚೆ ಸ್ವಂತ ಮನೆ ಕಟ್ಟುವಾಗ ನಮ್ಮವರು ಬಚ್ಚಲ ಮಾಳಿಗೆಯ ಮೇಲೆ ತಗಡಿನ ನೀರಿನ ಟಾಕಿ ಇಟ್ಟು, ತಾಯಿಗೆಂದೇ ಒಂದು ಕಬ್ಬಿಣದ ಪೈಪು ಇಳಿಸಿ, ತುದಿಗೆ ಚರ್ಮವಿಲ್ಲದ ಹಿತ್ತಾಳೆಯ ನಳ ಕೂರಿಸಿದರು. ದಿನಾ ಬೆಳಿಗ್ಗೆ ಒದ್ದೆ ಪಂಚೆಯಲ್ಲಿ ಬಾವಿ ನೀರು ಸೇದಿ ಟಾಕಿ ತುಂಬಿಸಿ, ಆಮೇಲೆ ಕಚೇರಿಗೆ ಓಡುತ್ತಿದ್ದರು. ನನಗೆಂದು ಒಂದು ಕೊಡ ಸೇದಿಕೊಟ್ಟ ನೆನಪಿಲ್ಲ. ಇರಲಿ.

ಮನೆ ಕಟ್ಟಿದ್ದು ಅವರೇ ಎಂದರೆ ಬರೀ ಎದುರು ನಿಂತು ಕಟ್ಟಿಸಿದರು ಎಂದಲ್ಲ. ಗೋಡೆ ಎಬ್ಬಿಸಿದವನು ಗವಂಡಿ, ನಿಜ. ಬಾಗಿಲು, ಪೈಪು, ದೀಪದ ತಂತಿ ಎಲ್ಲ ಇವರೇ, ರವಿವಾರಗಳಲ್ಲಿ. ನಕ್ಷೆ ಬರೆಯುವ ಕೆಲಸದವರು. ಒಂದು ಕೈಯಲ್ಲಿ ಪುಸ್ತಕ ಹಿಡಿದು ಏಣಿ ಹತ್ತುತ್ತಿದ್ದರು. ಗೋಡೆಯ ಮೇಲೆ ಮೊದಲ ಬಲ್ಬು ಹತ್ತಿದಾಗ ಅವರ ಮುಖ ನೋಡಬೇಕಿತ್ತು. ನಮ್ಮ ಮದುವೆಯಲ್ಲೂ ಅಷ್ಟು ಅರಳಿರಲಿಲ್ಲ.

ಯುದ್ಧ ನಡೆದಿತ್ತು, ತಾಮ್ರ ಸಿಗುವುದು ಕಷ್ಟವಾಗಿತ್ತು. ಆದರೂ ಎಲ್ಲಿಂದಲೋ ಒಂದು ದಪ್ಪ ತಂತಿ ತಂದರು. ಎರಡೂ ಪೈಪುಗಳಿಗೆ ಲೋಹದ ಪಟ್ಟಿ ಸುತ್ತಿ, ಕೈಯಿಂದಲೇ ತಿರುಗುವ ನಟ್ಟು ಹಾಕಿ, ಒಂದರಿಂದ ಒಂದಕ್ಕೆ ಆ ತಂತಿ ಬಿಗಿದರು. ತಾಯಿಯನ್ನು ಕರೆದು ತೋರಿಸಿದರು.

“ಅವ್ವಾ, ಮುನ್ಸಿಪಾಲಿಟಿ ಪೈಪು ನೆಲದಾಗ ಹುಗದದ. ನಿನ್ನದು ಮ್ಯಾಲಿಂದ ಇಳದದ, ಅದಕ್ಕ ನೆಲದ ಸಂಬಂಧನ ಇಲ್ಲ. ನಾಳೆ ದೀಪದ ತಂತಿ ಸವದು ನಿನ್ನ ಪೈಪಿಗೆ ಹತ್ತಿತಂದ್ರ ಕರೆಂಟು ನಿನ್ನ ಮೈಯಾಗಿಂದ ನೆಲಕ್ಕ ಇಳೀತದ. ಈ ತಂತಿ ಇದ್ರ ಇದರಾಗಿಂದ ಇಳೀತದ.”

ಅತ್ತೆ ಪೂರ್ತಿ ಕೇಳಿಸಿಕೊಂಡರು. “ಅಂದ್ರ ಆ ನಳಾ ಈ ನಳಕ್ಕ ಮುಟ್ಟಿಸಿದಿ.”

“ಹೌದು,” ಎಂದರು ಇವರು, ಖುಷಿಯಿಂದಲೇ.

“ಹಂಗಾದ್ರ ನನ್ನ ನಳ ಮೈಲಿಗಿ ಆತು.”

ಅತ್ತೆ ಜಗಳ ಆಡುವವರಲ್ಲ. ಅದಕ್ಕೇ ಅವರ ಹಟ ಕಷ್ಟ. ಆ ನಳದಲ್ಲಿ ಸ್ನಾನ ಮಾಡಲಿಲ್ಲ. ಇವರು ಕೊಡದಲ್ಲಿ ಸೇದಿ ತಂದಿಟ್ಟ ನೀರನ್ನೂ ಮುಟ್ಟಲಿಲ್ಲ, ಮೊದಲು ತಮ್ಮ ನಳ ಶುದ್ಧವಾಗಲಿ ಎಂದರು. ಸ್ನಾನವಿಲ್ಲದೆ ಮಡಿಯಿಲ್ಲ, ಮಡಿಯಿಲ್ಲದೆ ಅಡುಗೆಯಿಲ್ಲ, ಊಟವಿಲ್ಲ. ಒಂದು ಲೋಟ ಹಾಲು, ಒಂದು ಬಾಳೆಹಣ್ಣು, ಮುಗಿಯಿತು. ಒಂದಿನವಾದರೆ ಉಪವಾಸ ಎನ್ನಬಹುದು. ದಿನಗಳು ಉರುಳಿದವು, ಗೋಡೆ ಹಿಡಿದು ನಡೆಯತೊಡಗಿದರು. ಇವರು ಕಚೇರಿಯಿಂದ ಬಂದವರೇ ಮತ್ತೆ ಅದೇ ಪಾಠ ಒಪ್ಪಿಸುವರು, ಅವರು ಮತ್ತೆ ಜಪಮಣಿ ತಿರುಗಿಸುವರು.

“ತಂತಿ ತಗದ್ರ ಜೀವಕ್ಕ ಅಪಾಯ ಅದ. ಹೆಂಗ ತಗೀಲಿ?” ಎಂದು ಇವರು ನನ್ನನ್ನು ಕೇಳಿದರು.

“ತಗೀದಿದ್ರ ಉಪವಾಸ ಸಾಯ್ತಾರ್ರಿ,” ಎಂದೆ. ಇಬ್ಬರಿಗೂ ಬುದ್ಧಿ ಹೇಳುವ ಶಕ್ತಿ ನನಗಿರಲಿಲ್ಲ. ನನಗೆ ನಿಜಕ್ಕೂ ಹೆದರಿಕೆಯಾಗಿತ್ತು. ಬೆಳಗಾದರೆ ಅತ್ತೆ ಏಳುತ್ತಾರೋ ಇಲ್ಲವೋ ಎಂದು ಬಾಗಿಲ ಸಂದಿಯಿಂದ ನೋಡುತ್ತಿದ್ದೆ.

ಹಾಗೆ ನೋಡಹೋದ ಒಂದು ಬೆಳಿಗ್ಗೆ ಹಾಸಿಗೆ ಖಾಲಿಯಿತ್ತು. ಅತ್ತೆ ಮಿಂದು ಮಡಿಯುಟ್ಟು ಒಲೆಯ ಮುಂದೆ ಕುಳಿತಿದ್ದರು. ಸಾರು ಕುದಿಯುತ್ತಿತ್ತು. ತಂತಿ ಇದ್ದಲ್ಲೇ ಇತ್ತು. “ಅವ್ವಗ ತಿಳೀತು ನೋಡು,” ಎಂದು ಇವರು ಹಿಗ್ಗಿದರು. ಏನು ತಿಳಿಯಿತು ಎಂದು ನಾವಿಬ್ಬರೂ ವಿಚಾರಿಸಲಿಲ್ಲ. ಹಸಿದವರು ಉಂಡರಲ್ಲ, ಮನೆಗೆ ಕಳೆ ಬಂದಿತ್ತು.

ಆ ಮಳೆಗಾಲದಲ್ಲಿ ಬಚ್ಚಲ ಮಾಳಿಗೆ ಜಿನುಗಿತು. ದೀಪದ ತಂತಿಯ ಮೇಲಿನ ರಬ್ಬರು ಒಳಗೊಳಗೇ ಕೊಳೆತು, ತಂತಿ ಅತ್ತೆಯ ಪೈಪಿಗೆ ತಾಗಿದ್ದು ಯಾರಿಗೂ ಕಾಣಲಿಲ್ಲ. ಮೋಡ ಕವಿದ ಬೆಳಿಗ್ಗೆ, ದೀಪ ಹಚ್ಚಿಕೊಂಡು ಅತ್ತೆ ಸ್ನಾನಕ್ಕೆ ಹೋದರು. ತಂಬಿಗೆ ಬಿದ್ದ ಸದ್ದು ಕೇಳಿತು. ಹೋಗಿ ನೋಡಿದರೆ ನಳ ಹಿಡಿದ ಬಲಗೈ ಬಿಡಲಾಗದೆ, ಬಾಯಿ ತೆರೆದರೂ ದನಿ ಹೊರಡದೆ, ಅತ್ತೆಯ ಇಡೀ ಮೈ ನಡುಗುತ್ತಿತ್ತು. ಮುಟ್ಟಬೇಡ, ಮೊದಲು ಮೇನ್ ಸ್ವಿಚ್ ತೆಗೆ ಎಂದು ಇವರು ಎಷ್ಟೋ ಸಲ ಹೇಳಿದ್ದರು. ಪಡಸಾಲೆಗೆ ಓಡಿ ಮೇನ್ ತೆಗೆದೆ. ಅವರು ಕುಸಿದು ಬಿದ್ದರು.

ಜೀವ ಉಳಿಯಿತು. ಅಂಗೈ ಸುಟ್ಟಿತ್ತು. ಬೆರಳುಗಳು ಮತ್ತೆ ನೆಟ್ಟಗಾಗುವುದು ಅನುಮಾನ ಎಂದು ಡಾಕ್ಟರು ಹೇಳಿ ಹೋದರು.

ಇವರು ಬಚ್ಚಲಿಗೆ ಹೋಗಿ ನಟ್ಟು ತಿರುಗಿಸಿದರು. ನಾನು ಪಕ್ಕದಲ್ಲೇ ಇದ್ದೆ. ಅತ್ತೆಯ ಪೈಪಿಗೂ ಅದಕ್ಕೆ ಸುತ್ತಿದ ಪಟ್ಟಿಗೂ ನಡುವೆ ರೇಷ್ಮೆ ಮಡಚಿ ಇಟ್ಟಿತ್ತು. ಅತ್ತೆಯ ಪೂಜೆಯ ಸೀರೆಯ ಸೆರಗಿನ ತುಂಡು. ರೇಷ್ಮೆಗೆ ಮೈಲಿಗೆಯಿಲ್ಲ, ಅದು ಅಡ್ಡ ಬಂದರೆ ಆಚೆಯದು ಈಚೆಗೆ ದಾಟದು. ಅವರ ಲೆಕ್ಕ ನನಗೆ ತಕ್ಷಣ ಅರ್ಥವಾಯಿತು. ಆದರೆ ರೇಷ್ಮೆಯನ್ನು ಕರೆಂಟೂ ದಾಟದು. ಇವರ ತಂತಿ ಅಷ್ಟು ದಿನವೂ ಬರೀ ತೋರಿಕೆಗೆ ನೇತಾಡಿತ್ತು. ಇವರು ಆ ರೇಷ್ಮೆ ತುಂಡನ್ನು ಹಿಡಿದುಕೊಂಡು ಒದ್ದೆ ಕಲ್ಲಿನ ಮೇಲೆ ಕುಳಿತುಬಿಟ್ಟರು.

ಸಂಜೆಗೆ ಅತ್ತೆಗೆ ಮಾತು ಬಂತು. “ತಂತಿ ಗಟ್ಟಿ ಕೂತಿರಲಿಲ್ಲೇನೋ?”

ಇವರ ಕೈ ಜೇಬಿನೊಳಗೆ ಆ ತುಂಡಿನ ಮೇಲಿತ್ತು. “ಇಲ್ಲವ್ವಾ. ನಾ ಸರಿಯಾಗಿ ಬಿಗಿದಿರಲಿಲ್ಲ.”

ನನಗೆ ಸಿಟ್ಟು ನೆತ್ತಿಗೇರಿತು. ಬಾಯಿ ತೆರೆದೆ. ಇವರು ನನ್ನತ್ತ ನೋಡಿದ ರೀತಿಗೆ ಅತ್ತೆಯ ಹೊದಿಕೆ ಸರಿಪಡಿಸತೊಡಗಿದೆ.

ಅತ್ತೆ ಎಡಗೈಯಿಂದ ಮಗನ ಬೆನ್ನು ಸವರಿದರು. “ಮನಸ್ಸಿಗೆ ಹಚ್ಚಿಕೋಬ್ಯಾಡ. ನಿನಗ ಹೇಳಿರಲಿಲ್ಲ, ನಡುವ ನಾ ರೇಷ್ಮೆ ಇಟ್ಟಿದ್ದೆ. ನೀ ಅಷ್ಟು ಕಷ್ಟಪಟ್ಟು ಮಾಡಿದ್ದು, ಬಿಚ್ಚಿ ಒಗಿಯೂದು ಬ್ಯಾಡ ಅನಸ್ತು. ಅದು ಇತ್ತಂತ ಇಷ್ಟರಾಗ ಉಳದೆ. ಮತ್ತ ಬಿಗಿಯೂ ಮುಂದ ಹೇಳು, ಹೊಸಾ ತುಂಡ ಕೊಡ್ತೀನಿ.”

“ಹೂಂ ಅವ್ವಾ,” ಎಂದರು ಇವರು.

ಮತ್ತೆ ಬಿಗಿಯಲಿಲ್ಲ. ಮರುದಿನ ಬಚ್ಚಲಿನ ಬಲ್ಬು, ತಂತಿ ಎಲ್ಲ ಕಿತ್ತು ಹಾಕಿದರು. ಅತ್ತೆ ಕೊನೆಯ ತನಕ ಎಣ್ಣೆ ದೀಪದ ಬೆಳಕಿನಲ್ಲಿ ಮಿಂದರು. ನಳ ತಿರುಗಿಸಲು ಎಡಗೈ ರೂಢಿ ಮಾಡಿಕೊಂಡರು. ನೋಡಲು ಬಂದವರೆಲ್ಲ ಆ ಬಾಗಿದ ಬೆರಳುಗಳನ್ನು ಕಂಡು ಏನಾಯಿತೆಂದು ಕೇಳುವರು. “ನನ್ನ ಮಗ ಬಿಗದ ತಂತಿ ಸಡ್ಲ ಇತ್ರೀ. ನನ್ನ ರೇಷ್ಮೆ ಉಳಿಸ್ತು,” ಎಂದು ಅತ್ತೆ ನಗುತ್ತಾ ಹೇಳುವರು. ಇವರು ಅಲ್ಲೇ ಕುಳಿತು ಹೌದೆಂದು ತಲೆಯಾಡಿಸಿ, ಬಂದವರಿಗೆ ಚಹಾ ಕೊಡು ಎಂದು ನನಗೆ ಹೇಳುವರು.