ಎಡಗಡೆಯ ದೀಪ

ಅಮೆರಿಕದಲ್ಲೇ ಹುಟ್ಟಿ ಬೆಳೆದ ಮೊಮ್ಮಗಳು ಮೊನ್ನೆ ಫೋನಿನಲ್ಲಿ, “ಅಜ್ಜಿ, ನಿಮ್ದು ಲವ್ವಾ, ಅರೇಂಜ್ಡಾ?” ಎಂದು ಕೇಳಿದಳು. ಅವಳು ಮೆಚ್ಚಿದ ಹುಡುಗನ ವಿಷಯಕ್ಕೆ ಅವಳಿಗೂ ನನ್ನ ಮಗಳಿಗೂ ಮಾತು ನಿಂತಿದೆಯಂತೆ. ನನಗೆ ಅರವತ್ತರ ದಶಕದಲ್ಲಿ, ದೊಡ್ಡೇರಿ ಕಡೆಯ ನಮ್ಮೂರಿನ ಅಮ್ಮನವರ ಗುಡಿಯಲ್ಲಿ ಅವ್ವನ ಪಕ್ಕ ಕೂತಿದ್ದ ಒಂದು ಬೆಳಗು ನೆನಪಾಯಿತು.

ಆಗ ನಮ್ಮೂರ ಶಾಲೆಗೆ ಮದಲೂರಿನಿಂದ ಒಬ್ಬ ಮೇಷ್ಟ್ರು ಬಂದಿದ್ದರು. ನಮ್ಮ ಜನವೇ. ಎದುರುಮನೆಯಲ್ಲಿ ಬಾಡಿಗೆಗಿದ್ದರು. ಓದಲು ವಾರಪತ್ರಿಕೆ ಕೊಡುತ್ತಿದ್ದರು. ಅದನ್ನು ಹಿಂತಿರುಗಿಸುವ ನೆಪದಲ್ಲಿ ನಾನು ಜಗಲಿಯ ಹತ್ತಿರ ನಿಂತು ನಾಲ್ಕು ಮಾತಾಡುತ್ತಿದ್ದೆ. ಅಷ್ಟೇ ನಮ್ಮ ಪ್ರೇಮ. ಈಗಿನವರು ಕೇಳಿದರೆ ನಗುತ್ತಾರೆ, ನಗಲಿ. ಒಂದು ದಿನ ಅವರು, “ಹೆಣ್ಣು ಕೇಳೋಕೆ ನಮ್ಮಪ್ಪನ್ನ ಕಳಿಸ್ಲಾ?” ಎಂದರು. “ಕಳ್ಸಿ” ಎಂದವಳೇ ಒಳಗೆ ಓಡಿದ್ದೆ.

ಅವರಪ್ಪ ಬರುವ ಮೊದಲೇ ಪಾವಗಡದ ಕಡೆಯಿಂದ ಅತ್ತೆ ಬಂದಿಳಿದಳು. ಅಪ್ಪನ ಅಕ್ಕ. ಬಂದವಳೇ ಕಾಲೂ ತೊಳೆಯದೆ, “ನಿನ್ ಮಗ್ಳು ನನ್ ಸೊಸೆ ಕಣಪ್ಪ. ಅವ್ಳು ಹುಟ್ದಾಗ್ಲೇ ಮಾತಾಗೈತೆ. ಅಬ್ಬಾಯಿಗೆ ಈ ವರ್ಸವೇ ಮದ್ವೆ ಆಗ್ಬೇಕು,” ಎಂದಳು. ಅಬ್ಬಾಯಿ ಎಂದರೆ ಅವಳ ಮಗ. ಆ ಕಡೆಯವರ ಮಾತಿನಲ್ಲಿ ಅರ್ಧ ತೆಲುಗು. ಹುಡುಗ ಕೆಟ್ಟವನಲ್ಲ. ಆದರೆ ಮೂಗು ಸೋರಿಸಿಕೊಂಡು ಓಡಾಡುವಾಗಿನಿಂದ ಅವನನ್ನು ನೋಡಿದ್ದೆ. ಗಂಡ ಎಂದು ನೆನೆಸಿಕೊಂಡರೆ ನಗುವೂ ಬರುತ್ತಿತ್ತು, ಅಳುವೂ ಬರುತ್ತಿತ್ತು.

ಅಕ್ಕನಿಗೆ ಇಲ್ಲ ಎನ್ನುವ ಧೈರ್ಯ ಅಪ್ಪನಿಗಿರಲಿಲ್ಲ. ಅತ್ತೆ ಕೇಳಿದ ಹೆಣ್ಣನ್ನು ಕೊಡದಿದ್ದರೆ ಅವಳಿಗೆ ತವರಿನ ಬಾಗಿಲು ಮುಚ್ಚಿದಂತೆಯೇ. ಅವಳಿಗೆ ಎದುರು ಹೇಳಬಲ್ಲವರು ಊರಿನ ಅಮ್ಮನವರೊಬ್ಬರೇ. “ಹೂವು ಕೇಳಾನ ಕಣಕ್ಕ. ಬಲಕ್ಕೆ ಕೊಟ್ರೆ ಈ ತಿಂಗ್ಳೇ ಶಾಸ್ತ್ರ, ಎಡಕ್ಕೆ ಕೊಟ್ರೆ ಈ ಮಾತು ಬುಟ್ಬುಡಾನ,” ಎಂದ ಅಪ್ಪ. ಅತ್ತೆ ಒಪ್ಪಿದಳು.

ಮರುದಿನ ಬೆಳಗ್ಗೆ ಅವ್ವ ನನಗೆ ಜಡೆ ಹಾಕುತ್ತಿದ್ದಳು. ಜಡೆಯ ತುದಿ ಕಟ್ಟುತ್ತಾ, “ಮೇಷ್ಟ್ರ ಊರಾಗೆ ದೊಡ್ಡ ಕೆರೆ ಐತಂತಲ್ಲೇ?” ಎಂದಳು.

“ಹೂಂ.”

“ನೀರಿಗೆ ತೊಂದ್ರೆ ಇಲ್ಲ ಬುಡು.”

ಅವ್ವನಿಗೆ ಎಲ್ಲಾ ಗೊತ್ತಾಗಿದೆ ಎಂದು ನನಗೆ ಆಗ ತಿಳಿಯಿತು.

ಗುಡಿಯಲ್ಲಿ ಪೂಜಾರಿ ಹೂವಿನ ಎಸಳುಗಳನ್ನು ನೀರಿನಲ್ಲಿ ಅದ್ದಿ ಅಮ್ಮನವರ ಎರಡೂ ಭುಜಕ್ಕೆ ಅಂಟಿಸಿದ. ಮೊದಲು ಯಾವ ಕಡೆಯದು ಉದುರುತ್ತದೋ ಅದೇ ಅಪ್ಪಣೆ. ಅಪ್ಪ ಕೈಮುಗಿದು ಕೇಳಿಕೊಂಡ. ಒಂದು ಎಸಳೂ ಅಲುಗಲಿಲ್ಲ. ಅತ್ತೆ ಕಣ್ಣು ಮುಚ್ಚಿ ಬೇಡುತ್ತಿದ್ದಳು. ಅವಳ ಹರಕೆ ಗಟ್ಟಿಯೋ ನನ್ನದೋ ಎಂದು ಭಯವಾಯಿತು. ಬಲಗಡೆಯ ಎಸಳು ಒಂದು ಸಲ ಜಾರಿದಾಗ ನನ್ನ ಜೀವ ಬಾಯಿಗೆ ಬಂತು. ಪುಣ್ಯಕ್ಕೆ ಅದು ಅಲ್ಲೇ ನಿಂತಿತು.

“ದೀಪ ಸಣ್ಗಾಯ್ತು, ಎಣ್ಣೆ ಬುಡಮ್ಮ,” ಎಂದ ಪೂಜಾರಿ, ಅವ್ವನಿಗೆ.

ಅಮ್ಮನವರ ಎರಡು ಪಕ್ಕದಲ್ಲೂ ಭುಜದೆತ್ತರಕ್ಕೆ ದೀಪದ ಕಂಬಗಳಿದ್ದವು. ಅವ್ವ ಎದ್ದು ಬಲಗಡೆಯದಕ್ಕೆ ಎರಡು ಹನಿ ಬಿಟ್ಟಳು. ಎಡಗಡೆಯದಕ್ಕೆ ತುಂಬ ಸುರಿದು, ಬತ್ತಿಯನ್ನು ಬೆರಳಿನಿಂದಲೇ ಮುಂದಕ್ಕೆಳೆದಳು. ಉರಿ ಎದ್ದು ಎಡಭುಜದ ಹತ್ತಿರಕ್ಕೆ ಬಂತು. ಅವ್ವ ಏನೂ ಮಾಡದವಳಂತೆ ಬಂದು ನನ್ನ ಪಕ್ಕ ಕೂತಳು. ನನಗೆ ಅರ್ಥವಾಯಿತು, ಅರ್ಥವಾದ ಮೇಲೆ ಇನ್ನೂ ಹೆದರಿಕೆಯಾಯಿತು. ಅಪ್ಪ ಕಣ್ಣು ಮಿಟುಕಿಸದೆ ಆ ದೀಪವನ್ನೇ ನೋಡುತ್ತಿದ್ದ. ದೇವರ ಮುಂದೆ ಕೈಯಾಡಿಸಿದಳು ಎಂದು ಕೂಗಿಬಿಟ್ಟರೆ? ಊರಲ್ಲಿ ಅವ್ವ ತಲೆ ಎತ್ತಿ ತಿರುಗುವುದು ಹೇಗೆ?

ಎಡಗಡೆಯ ಎಸಳು ಒಣಗಿತು, ಅಂಚು ಮುದುರಿತು, ಉದುರಿತು.

“ಎಡಕ್ಕಾಯ್ತು,” ಎಂದ ಪೂಜಾರಿ.

ಅತ್ತೆ ಸೆರಗಿನಲ್ಲಿ ಮುಖ ಒರೆಸಿಕೊಂಡು, “ಅಮ್ನೋರೇ ಬ್ಯಾಡ ಅಂದ್ಮ್ಯಾಲೆ ನಾನ್ಯಾವೋಳು,” ಎಂದಳು. ಅವಳನ್ನು ನೋಡಿ ಪಾಪವೆನಿಸಿತು. ಆದರೂ ಒಳಗೊಳಗೇ ಕುಣಿಯುವಷ್ಟು ಸಂತೋಷ.

ಅತ್ತೆ ಇನ್ನೂ ಒಳಗೆ ಮಂಗಳಾರತಿ ತೆಗೆದುಕೊಳ್ಳುತ್ತಿದ್ದಳು. ಹೊರಗೆ ಅಪ್ಪ ಸೀದಾ ಅವ್ವನ ಹತ್ತಿರ ಬಂದ. ಈಗ ಬೈಗುಳ ಶುರು ಎಂದುಕೊಂಡು ನಾನು ಅವ್ವನಿಗೆ ಒತ್ತಿ ನಿಂತೆ. ಅಪ್ಪ ಹೆಗಲ ಮೇಲಿನ ವಲ್ಲಿ ತೆಗೆದು ಅವ್ವನ ಕೈಗೆ ಕೊಟ್ಟ.

“ಬೆರಳಿಗೆ ಮಸಿ ಹತ್ತೈತೆ, ಒರುಸ್ಕೊ,” ಎಂದ ಮೆಲ್ಲಗೆ. “ಅಕ್ಕ ಬತ್ತಾವ್ಳೆ.”