ಒಂದು ಸುತ್ತಿಗೆ ಏಳೂವರೆ ಗಂಟೆ

ನನ್ನ ಸೋದರಮಾವನಿಗೆ ವಿಜ್ಞಾನ ಭವನದಲ್ಲಿ ಎಲ್ಲರೂ ಇಟ್ಟಿದ್ದ ಹೆಸರು ಹಲ್ಲು ಮಾವ. ಬಾಯಿಯ ಹಲ್ಲಲ್ಲ, ಗಿಯರಿನ ಹಲ್ಲು. ನೆಲಮಾಳಿಗೆಯಲ್ಲಿ ಮೂವತ್ತು ವರ್ಷ ಹಿತ್ತಾಳೆ ಚಕ್ರಗಳಿಗೆ ಹಲ್ಲು ಕೊರೆದ ಮನುಷ್ಯ. ನಾನು ಅಲ್ಲೇ ಟಿಕೆಟ್ ಕೌಂಟರಿನಲ್ಲಿ ಕೂರುವವಳು. ಹಾಗಾಗಿ ಇದೆಲ್ಲ ಕಣ್ಣಾರೆ ಕಂಡದ್ದು.

ಎಲ್ಲೋ ದೂರದ ಒಂದು ನಕ್ಷತ್ರವನ್ನು ನಾಲ್ಕು ದೈತ್ಯ ಗ್ರಹಗಳು ಸುತ್ತುತ್ತಿವೆಯಂತೆ. ಒಂದೊಂದೂ ನಮ್ಮ ಗುರುವಿಗಿಂತ ಭಾರ. ಒಳಗಿನದಕ್ಕೆ ಒಂದು ಸುತ್ತು ಬರಲು ಸುಮಾರು ನಲವತ್ತೈದು ವರ್ಷ, ಹೊರಗಿನದಕ್ಕೆ ನಾನೂರೈವತ್ತು. ವರ್ಷಕ್ಕೊಂದು ನಿಮಿಷ ಎಂದು ಹಿಡಿದು ಮಾವ ಅವುಗಳ ಮಾದರಿ ಮಾಡಿದ. ಒಳಗಿನ ಗೋಳಕ್ಕೆ ಮುಕ್ಕಾಲು ಗಂಟೆ, ಹೊರಗಿನದಕ್ಕೆ ಏಳೂವರೆ ಗಂಟೆ. ಎರಡು ವರ್ಷ ಊಟ ತಿಂಡಿಯ ಮೇಲೂ ಅವನಿಗೆ ಗಮನವಿರಲಿಲ್ಲ.

ನೋಡಲು ಬಂದವರು ನಿಲ್ಲುತ್ತಿದ್ದುದು ಎರಡು ನಿಮಿಷ. ‘ಹೊರಗಿನದು ಕೆಟ್ಟಿದೆ’ ಎಂದು ದೂರಿನ ಪುಸ್ತಕದಲ್ಲಿ ಗೀಚಿ ಹೋಗುತ್ತಿದ್ದರು. ಸಂಜೆ ಇನ್ನೊಮ್ಮೆ ಬಂದು ನೋಡಿ ಎಂದು ಮಾವ ಸಿಕ್ಕಸಿಕ್ಕವರನ್ನೆಲ್ಲ ಬೇಡಿಕೊಂಡ. ಯಾರು ಬರುತ್ತಾರೆ? ದೂರು ಹೆಚ್ಚಾದಾಗ ಹೊಸ ನಿರ್ದೇಶಕಿಯೇ ಇಳಿದುಬಂದರು.

“ನಿಂತೇ ಇದೆಯಲ್ರೀ.”

“ಓಡ್ತಿದೆ ಮೇಡಂ. ಹತ್ತು ನಿಮಿಷ ನಿಂತ್ರೆ ಗೊತ್ತಾಗುತ್ತೆ.”

“ಅಷ್ಟು ಹೊತ್ತು ಯಾರಿಗಿದೆ? ಸ್ವಲ್ಪ ಜೋರಾಗಿ ಓಡ್ಸಿ.”

“ಇದನ್ನ ಜೋರು ಮಾಡಿದ್ರೆ ಒಳಗಿಂದು ಬುಗುರಿ ಆಗುತ್ತೆ. ಎಲ್ಲಾ ಒಂದಕ್ಕೊಂದು ಕಟ್ಟಿದೆ ಮೇಡಂ.”

ಅವರು ಗಡಿಯಾರ ನೋಡಿಕೊಂಡು ಹೊರಟರು. ವಾರದೊಳಗೆ ಮಾದರಿಯನ್ನು ತೆಗೆಯುವ ಆದೇಶ ಬಂತು. ನನಗೆ ಮೈಯೆಲ್ಲ ಉರಿದುಹೋಯಿತು, ಆದರೆ ಟಿಕೆಟ್ ಹರಿಯುವವಳ ಮಾತು ಯಾರ ಕಿವಿಗೆ ಬೀಳುತ್ತದೆ?

ಬಿಚ್ಚಲು ಇಬ್ಬರು ಕೆಲಸದವರು ಬಂದರು. ಗಾಜಿನ ಮುಚ್ಚಳ ಎತ್ತಿಟ್ಟು, ಮಾದರಿಯ ಮೇಜಿನ ಅಂಚಿನಲ್ಲೇ ಚಹಾದ ಲೋಟ ಇಟ್ಟರು.

“ಇವತ್ತಿನ ಸುತ್ತು ಮುಗಿಯೋಕೆ ಇನ್ನೊಂದು ಗಂಟೆ ಇದೆ. ಅಲ್ಲೀವರೆಗೂ ಬಿಡ್ರಪ್ಪಾ,” ಎಂದ ಮಾವ.

“ಗಾಡಿ ಕಾಯ್ತಿದೆ ಯಜಮಾನ್ರೆ.”

ಮಾವ ಬಿಡಲಿಲ್ಲ, ಅವರೂ ಒಪ್ಪಲಿಲ್ಲ. ಮಾತು ಎಳೆಯುತ್ತಿದ್ದಂತೆ ಲೋಟ ಠಣ್ಣೆಂದು ನೆಲಕ್ಕೆ ಬಿತ್ತು. ಮೇಜಿನ ಹತ್ತಿರ ಯಾರೂ ಇರಲಿಲ್ಲ. ಲೋಟವಿದ್ದ ಜಾಗದಲ್ಲಿ ಹೊರಗಿನ ಗೋಳವಿತ್ತು. ಇಬ್ಬರಲ್ಲಿ ಹಿರಿಯವನು ಬಗ್ಗಿ ತುಂಬಾ ಹೊತ್ತು ನೋಡಿದ.

“ಇದು ಓಡ್ತಾನೇ ಇದೆಯಲ್ಲ ಯಜಮಾನ್ರೆ. ಮೇಡಂಗೆ ಹೇಳ್ಲಾ?”

“ಆದೇಶಕ್ಕೆ ಸಹಿ ಆಗ್ಹೋಗಿದೆ, ಬಿಡಪ್ಪ,” ಎಂದ ಮಾವ.

ಪ್ಲಗ್ಗನ್ನು ಮಾವ ತಾನೇ ಕಿತ್ತ. ಹೊರಗಿನ ಗೋಳ ನಿಂತಿತು. ನಿಂತದ್ದೂ ಯಾರಿಗೂ ಕಾಣಲಿಲ್ಲ.